ಗೇರ್‌ಬಾಕ್ಸ್ ಇಳಿಸುವ ಮುನ್ನ

ಗೇರ್ ಹಾಕುವಾಗ ಕರ್ ಎಂದು ಸದ್ದು ಬಂದರೆ ಒಳಗೆ ಏನೋ ಕೆಟ್ಟಿದೆ ಎಂದು ಇಂದು ಯಾರಾದರೂ ಹೇಳಿಯಾರು. 1890ರ ದಶಕದಲ್ಲಿ ಫ್ರಾನ್ಸಿನ ಪನಾರ್-ಲೆವಸ್ಸೋರ್ ಕಂಪನಿ ಜಾರುವ ಹಲ್ಲುಚಕ್ರಗಳ ಗೇರ್‌ಬಾಕ್ಸನ್ನು ಕಾರಿಗೆ ತಂದಾಗ ಹಾಗಿರಲಿಲ್ಲ. ಬೇರೆ ಬೇರೆ ವೇಗದಲ್ಲಿ ತಿರುಗುವ ಚಕ್ರಗಳನ್ನು ಒಂದಕ್ಕೊಂದು ತಳ್ಳಿ ಕೂಡಿಸಬೇಕಿತ್ತು. ಸದ್ದಾದರೆ ತಪ್ಪು ಚಾಲಕನದು. 1928ರಲ್ಲಿ ಕ್ಯಾಡಿಲಾಕ್ ಕಾರಿಗೆ ಅರ್ಲ್ ಥಾಂಪ್ಸನ್ ರೂಪಿಸಿದ ಸಿಂಕ್ರೋಮೆಶ್ ಬಂತು. ಹಲ್ಲು ಕೂಡುವ ಮೊದಲೇ ವೇಗ ಸಮವಾಗತೊಡಗಿತು. ಗೇರ್‌ಬಾಕ್ಸಿನ ದೋಷ ಪತ್ತೆ ಶುರುವಾದದ್ದು ಇಲ್ಲಿಂದಲೇ ಎನ್ನಬೇಕು, ಏಕೆಂದರೆ ಇನ್ನು ಮುಂದೆ ಸದ್ದಿಗೆ ಯಂತ್ರವೇ ಉತ್ತರ ಕೊಡಬೇಕಾಯಿತು.

ನಮ್ಮಲ್ಲಿ ಆ ವಿದ್ಯೆ ಬೆಳೆದದ್ದು ಅಂಬಾಸಿಡರ್, ಫಿಯೆಟ್‌ಗಳ ಅಡಿಯಲ್ಲಿ ಮಲಗಿ. ಹಳೆಯ ಅಂಬಾಸಿಡರ್‌ನ ಮೊದಲ ಗೇರಿಗೆ ಸಿಂಕ್ರೋ ಇರಲಿಲ್ಲ. ಗಾಡಿ ಪೂರ್ತಿ ನಿಲ್ಲುವ ಮುನ್ನ ಹಾಕಿದರೆ ಅದು ಕಿರುಗುಟ್ಟುವುದು ಸಹಜವೆಂದು ಮೆಕ್ಯಾನಿಕ್‌ಗೆ ಗೊತ್ತಿತ್ತು. ಇನ್ನೊಂದು ಸೂತ್ರವೂ ಇತ್ತು. ಹಿಂದಿನ ಚಕ್ರ ಎಳೆಯುವ ಆ ಕಾರುಗಳ ಟಾಪ್ ಗೇರಿನಲ್ಲಿ ಶಕ್ತಿ ನೇರ ಹಾದುಹೋಗುತ್ತದೆ, ಕೆಳಗಿನ ಲೇ ಶಾಫ್ಟಿನ ಮೇಲೆ ಭಾರವಿರುವುದಿಲ್ಲ. ಉಳಿದ ಗೇರುಗಳಲ್ಲಿ ಗುರುಗುಟ್ಟಿ ಟಾಪ್‌ಗೆ ಬಂದೊಡನೆ ತಣ್ಣಗಾದರೆ ಲೇ ಶಾಫ್ಟಿನ ಬೇರಿಂಗಿನ ಮೇಲೆ ಅನುಮಾನ. ಬಾಕ್ಸ್ ಬಿಚ್ಚದೆಯೇ ಇಷ್ಟು ತಿಳಿಯುತ್ತಿತ್ತು.

1983ರ ಕೊನೆಗೆ ಮಾರುತಿ 800 ಬಂತು, ಈ ಸೂತ್ರ ಕೈಕೊಟ್ಟಿತು. ಮುಂದಿನ ಚಕ್ರ ಎಳೆಯುವ, ಎಂಜಿನ್ ಅಡ್ಡ ಕೂರಿಸಿದ ಕಾರಿನಲ್ಲಿ ನೇರ ಹಾದಿಯೇ ಇಲ್ಲ. ಪ್ರತಿ ಗೇರಿನಲ್ಲೂ ಶಕ್ತಿ ಒಂದು ಜೋಡಿ ಹಲ್ಲುಗಳ ಮೂಲಕವೇ ಹೋಗಬೇಕು. ಹಾಗಾಗಿ ಪರೀಕ್ಷೆಯ ಭಾರ ಕ್ಲಚ್ ಪೆಡಲಿನ ಮೇಲೆ ಬಿತ್ತು. ಎಂಜಿನ್ ಓಡುತ್ತಿರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಪೆಡಲ್ ಒತ್ತಿದೊಡನೆ ಸದ್ದು ನಿಂತರೆ ಒಳಗಿನ ಇನ್‌ಪುಟ್ ಶಾಫ್ಟಿನ ಬೇರಿಂಗನ್ನು ಮೊದಲು ನೋಡಬೇಕು; ಒತ್ತಿದಾಗಲೇ ಸದ್ದು ಎದ್ದರೆ ಕ್ಲಚ್ಚಿನ ರಿಲೀಸ್ ಬೇರಿಂಗನ್ನು. ಗೇರ್ ಬೀಳುತ್ತಿಲ್ಲ ಎಂಬ ದೂರಿಗೆ ಇದಕ್ಕಿಂತ ಸರಳ ದಾರಿಯಿದೆ: ಎಂಜಿನ್ ಆಫ್ ಮಾಡಿ ಹಾಕಿ ನೋಡುವುದು. ಆಗ ಎಲ್ಲ ಗೇರುಗಳೂ ಸಲೀಸಾಗಿ ಬಿದ್ದು, ಎಂಜಿನ್ ಓಡುವಾಗ ಮಾತ್ರ ತಕರಾರು ಮಾಡಿದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದೇ ಲೆಕ್ಕ. ರಿವರ್ಸ್‌ಗೆ ಸಾಮಾನ್ಯವಾಗಿ ಸಿಂಕ್ರೋ ಇರುವುದಿಲ್ಲವಾದ್ದರಿಂದ ಈ ದೋಷ ಮೊದಲು ಅಲ್ಲಿ ಕರಕರ ಎನ್ನುತ್ತದೆ. ಒಂದೇ ಒಂದು ಗೇರು ಪದೇ ಪದೇ ಕಿರುಗುಟ್ಟಿದರೆ ಮಾತ್ರ ಆ ಗೇರಿನ ವೇಗ ಸಮಮಾಡುವ ಸಿಂಕ್ರೋ ರಿಂಗ್ ಸವೆದಿರಬೇಕು. ಈ ಒಂದೆರಡು ನಿಮಿಷದ ಪರೀಕ್ಷೆ ಮಾಡದೆ ಬಾಕ್ಸ್ ಇಳಿಸುವುದು ಗ್ರಾಹಕನಿಗೆ ಮಾಡುವ ಅನ್ಯಾಯ. ಎಷ್ಟೋ ಸಲ ತಪ್ಪು ಹೊರಗಿನ ಕ್ಲಚ್ ಕೇಬಲ್ಲಿನಲ್ಲೋ ಗೇರ್ ಕೇಬಲ್ಲಿನಲ್ಲೋ ಇರುತ್ತದೆ.

ಆಯಿಲ್ ಕೂಡ ಸಾಕ್ಷಿ ಹೇಳುತ್ತದೆ. ಹಿತ್ತಾಳೆಯ ಸಿಂಕ್ರೋ ರಿಂಗ್ ಸವೆದರೆ ಇಳಿಸಿದ ಆಯಿಲಿನಲ್ಲಿ ಹಳದಿ ಮಿನುಗು ಕಾಣುತ್ತದೆ. ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಅದು ಅಂಟುವುದಿಲ್ಲ. ಅಂಟಿದ ನುಣುಪು ಬೂದುಬಣ್ಣದ ಕೆಸರು ಮಾಮೂಲಿ ಸವೆತ, ಚೂಪು ಚೂರುಗಳು ಸಿಕ್ಕರೆ ಹಲ್ಲು ಮುರಿದಿರಬಹುದು. ಜಿಎಲ್-4 ದರ್ಜೆಯ ಆಯಿಲ್ ಕೇಳುವ ಬಾಕ್ಸಿಗೆ ಜಿಎಲ್-5 ಸುರಿದರೆ ಅದರ ಗಂಧಕ-ರಂಜಕದ ಸೇರ್ಪಡೆಗಳು ಹಿತ್ತಾಳೆಯನ್ನೇ ತಿನ್ನಬಹುದು.

ಕಿವಿಯ ಕೆಲಸವನ್ನು ಅಳತೆಗೆ ತಂದದ್ದು ಕಂಪನ ವಿಶ್ಲೇಷಣೆ. 1965ರಲ್ಲಿ ಕೂಲಿ ಮತ್ತು ಟ್ಯೂಕಿ ವೇಗದ ಫೂರಿಯೆ ಲೆಕ್ಕವನ್ನು ಪ್ರಕಟಿಸಿದ ಮೇಲೆ ಯಂತ್ರದ ಸದ್ದನ್ನು ಆವರ್ತನಗಳಾಗಿ ಬಿಡಿಸುವುದು ಸುಲಭವಾಯಿತು. ನಿಮಿಷಕ್ಕೆ 1500 ಸುತ್ತು ತಿರುಗುವ 20 ಹಲ್ಲಿನ ಗೇರು ಸೆಕೆಂಡಿಗೆ 500 ಸಲ ಹಲ್ಲು ಕೂಡಿಸುತ್ತದೆ. ಒಂದು ಹಲ್ಲು ಒಡೆದಿದ್ದರೆ ಸೆಕೆಂಡಿಗೆ 25 ಪೆಟ್ಟು ಬೀಳುತ್ತದೆ. ನಕ್ಷೆಯಲ್ಲಿ 500ರ ಅಕ್ಕಪಕ್ಕ 25ರ ಅಂತರದಲ್ಲಿ ಮರಿ ಶಿಖರಗಳು ಏಳುತ್ತವೆ. ಹೆಲಿಕಾಪ್ಟರುಗಳಿಗೆ ಇದು ಜೀವ ಉಳಿಸುವ ವಿದ್ಯೆ. ಊರಿನ ಗ್ಯಾರೇಜಿಗೆ ಮಾತ್ರ ಅದು ಹೆಚ್ಚು ಇಳಿದಿಲ್ಲ.

ಅಲ್ಲಿಗೆ ಇಳಿದದ್ದು ಕಾರಿನ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಸ್ಕ್ಯಾನರ್. ಆದರೆ ಮ್ಯಾನ್ಯುಯಲ್ ಬಾಕ್ಸಿನಲ್ಲಿ ಅದಕ್ಕೆ ಓದಲು ಸಿಗುವುದು ವೇಗದ ಸೆನ್ಸರ್, ರಿವರ್ಸ್ ಸ್ವಿಚ್‌ನಂಥ ಕೆಲವೇ ಸಂಗತಿಗಳು; ಸವೆದ ರಿಂಗ್ ಅದರ ಕಣ್ಣಿಗೆ ಬೀಳದು. 2014ರಲ್ಲಿ ಮಾರುತಿ ಸೆಲೆರಿಯೊ ಕಾರಿನ ಜೊತೆ ಬಂದ ಎಎಂಟಿ ಗೇರ್‌ಬಾಕ್ಸಿನಲ್ಲಿ ಕ್ಲಚ್ ಒತ್ತುವುದನ್ನೂ ಗೇರ್ ಬದಲಿಸುವುದನ್ನೂ ಕಂಪ್ಯೂಟರೇ ಮಾಡುವುದರಿಂದ ಆ ಭಾಗದ ತೊಂದರೆ ಕೋಡಾಗಿ ಸಿಗುತ್ತದೆ. ಒಳಗಿನ ಹಲ್ಲು, ಬೇರಿಂಗ್‌ಗಳು ಅವೇ ಹಳೆಯವು.

ಸುರತ್ಕಲ್‌ನ ತಾಂತ್ರಿಕ ಸಂಸ್ಥೆ ಎನ್‌ಐಟಿಕೆಯಲ್ಲಿ ಬೇಕೆಂದೇ ಹಲ್ಲು ಕೆಡಿಸಿದ ಗೇರುಗಳನ್ನು ಓಡಿಸಿ, ಕಂಪನದ ದಾಖಲೆಗಳಿಂದ ದೋಷ ಗುರುತಿಸಲು ಕಂಪ್ಯೂಟರಿಗೆ ಕಲಿಸುವ ಸಂಶೋಧನೆ ನಡೆದಿದೆ. ಪ್ರಯೋಗಾಲಯದಲ್ಲಿ ಕೆಟ್ಟದ್ದು ಯಾವುದೆಂದು ಮೊದಲೇ ಗೊತ್ತಿರುತ್ತದೆ. ಗ್ಯಾರೇಜಿಗೆ ಬರುವ ಕಾರಿನಲ್ಲಿ ಬೇರಿಂಗ್, ಕ್ಲಚ್, ಹಳಸಿದ ಆಯಿಲ್ ಮೂರೂ ಒಟ್ಟಿಗೆ ಕೆಟ್ಟಿರಬಹುದು. ಅಂಥ ಕಾರುಗಳ ಸದ್ದನ್ನು, ಬಿಚ್ಚಿದ ಮೇಲೆ ಕಂಡ ದೋಷದೊಡನೆ ಜೋಡಿಸಿ ದಾಖಲಿಸುವ ಕೆಲಸಕ್ಕೆ ಮೆಕ್ಯಾನಿಕ್‌ಗಳನ್ನೂ ಸಂಶೋಧಕರ ಜೊತೆ ಕೂರಿಸಿಕೊಳ್ಳಬೇಕು.