‘ತಡೆ’ ಎಂಬ ಕ್ರಿಯಾಪದ: ಗಡಿಯಾಚೆಯ ಕನ್ನಡದಲ್ಲಿ ಅದರ ಅರ್ಥ, ಬಳಕೆ ಮತ್ತು ಚರಿತ್ರೆ

ಈ ಸೆಮಿನಾರ್ ಮಾಲೆಯಲ್ಲಿ ಇಲ್ಲಿಯವರೆಗೆ ಹೆಚ್ಚಾಗಿ ಗಡಿ ಆಯೋಗ, ಶಾಲೆ, ಜನಗಣತಿ ಇಂಥ ವಿಷಯಗಳ ಚರ್ಚೆ ಆಗಿದೆ. ನಾನು ಇವತ್ತು ಒಂದೇ ಒಂದು ಕ್ರಿಯಾಪದ ಇಟ್ಟುಕೊಂಡು ಮಾತಾಡುತ್ತೇನೆ: ‘ತಡೆ’. ಇಷ್ಟು ಸಣ್ಣ ಪದದಲ್ಲಿ ಚರಿತ್ರೆ ಏನಿದೆ ಅಂತ ಕೇಳಬಹುದು. ಇದೆ ಅಂತಲೇ ನನ್ನ ವಾದ.

ಮೊದಲು ಅರ್ಥ ನೋಡೋಣ. ‘ದಾರಿ ತಡೆದರು’ ಅಂದರೆ ಅಡ್ಡಗಟ್ಟಿದರು. ‘ನಗು ತಡೆಯೋಕಾಗಲಿಲ್ಲ’ ಅಂದರೆ ಒಳಗೇ ಹಿಡಿದಿಡಲು ಆಗಲಿಲ್ಲ. ‘ಚಳಿ ತಡ್ಕೊಳ್ತಾನೆ’ ಅಂದರೆ ಸಹಿಸುತ್ತಾನೆ. ‘ಈ ಹಗ್ಗ ಭಾರ ತಡೆಯುತ್ತೆ’ ಅಂದರೆ ಹೊರುತ್ತದೆ. ‘ತಡಿ, ಬಂದೆ’ ಅಂದರೆ ಸ್ವಲ್ಪ ಕಾಯಿ. ಇದರ ಪಕ್ಕದಲ್ಲೇ ‘ತಡ’ ಇದೆ: ತಡ ಆಯ್ತು, ತಡ ಮಾಡಬೇಡ. ಅಡ್ಡಿ, ಸಹನೆ, ಕಾಯುವಿಕೆ, ವಿಳಂಬ, ನಾಲ್ಕೂ ಒಂದೇ ಮನೆಯವು. ನಾಲ್ಕಕ್ಕೂ ಸಮಾನವಾದದ್ದು ಕಾಲ. ತಡೆದದ್ದು ಮುಗಿದುಹೋದದ್ದಲ್ಲ, ಮುಂದೆ ಹೋಗಬೇಕಾದದ್ದು ಸದ್ಯಕ್ಕೆ ಇಲ್ಲಿ ಇದೆ ಅಷ್ಟೆ.

ನಮ್ಮ ಕಾಸರಗೋಡು ಕಡೆ ಅಡಿಕೆ ತೋಟದವರು ಮಳೆ ನಿಂತು ತೋಡಿನ ಹರಿವು ಇಳಿದ ಮೇಲೆ ಕಲ್ಲು, ಮಣ್ಣು ಹಾಕಿ ‘ಕಟ್ಟ’ ಕಟ್ಟುತ್ತಾರೆ. ನೀರು ತೋಡಿನಲ್ಲಿ ನಿಂತು ನೆಲಕ್ಕೆ ಇಳಿಯುತ್ತದೆ, ಬೇಸಗೆಗೆ ತೋಟಕ್ಕೆ ಆಗುತ್ತದೆ, ಮುಂದಿನ ಮಳೆಗೆ ಕಟ್ಟ ಹೋಗುತ್ತದೆ. ಇದನ್ನು ನೋಡಿದವರಿಗೆ ‘ತಡೆ’ಯ ಅರ್ಥ ಬೇರೆ ವಿವರಿಸಬೇಕಾಗಿಲ್ಲ. ಇಂಥದ್ದಕ್ಕೆ ಮಲಯಾಳದಲ್ಲಿ ‘ತಡಯಣ’, ತಮಿಳಿನಲ್ಲಿ ‘ತಡುಪ್ಪಣೈ’ ಅನ್ನುತ್ತಾರೆ. ನಾವು ಮಾತ್ರ ‘ಚೆಕ್ ಡ್ಯಾಂ’ ಅನ್ನುತ್ತೇವೆ!

ಪದ ಅಕ್ಕಪಕ್ಕದ ಭಾಷೆಗಳಲ್ಲೂ ಇದೆ ಅನ್ನುವುದು ಹೊಸ ವಿಷಯವಲ್ಲ. ಗುಂಡರ್ಟರ ಮಲಯಾಳ ನಿಘಂಟು 1872, ಮ್ಯಾನರ್ ಅವರ ತುಳು ನಿಘಂಟು 1886, ಕಿಟೆಲ್ ಅವರ ಕನ್ನಡ ನಿಘಂಟು 1894. ಮೂರೂ ಬಾಸೆಲ್ ಮಿಷನ್ ಮೂಲಕ ಮಂಗಳೂರಿನಿಂದಲೇ ಹೊರಬಂದವು. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಒಂದು ಜಿಲ್ಲೆಯ ಒಳಗೇ ಮೂರು ಭಾಷೆ, ಒಂದೇ ಧಾತು. ಬರೋ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟು ತಮಿಳಿನ ‘ತಡು’, ಮಲಯಾಳದ ‘ತಡಯುಕ’, ಕನ್ನಡದ ‘ತಡೆ’, ತೆಲುಗಿನ ‘ತಡಯು’ಗಳನ್ನು ಒಟ್ಟಿಗೆ ಇಡುತ್ತದೆ. ಆದರೆ ಪ್ರತಿ ಭಾಷೆ ಒಂದೊಂದು ಅರ್ಥವನ್ನು ಮುಂದೆ ಮಾಡಿಕೊಂಡಿದೆ. ತಮಿಳಿನಲ್ಲಿ ‘ತಡೈ’ ಅಂದರೆ ಇವತ್ತು ನಿಷೇಧ ಅನ್ನುವ ಅರ್ಥವೇ ಮುಂದೆ ನಿಲ್ಲುತ್ತದೆ. ತೆಲುಗಿನಲ್ಲಿ ‘ತಡಯು’ ಹಳೆಯ ಗ್ರಂಥಭಾಷೆಗೆ ಸರಿದಿದೆ, ಅದು ಅಡ್ಡಿಗಿಂತ ವಿಳಂಬದ ಪದ.

ಈಗ ಗಡಿಗೆ ಬರೋಣ. ಅಕ್ಕಲಕೋಟೆ, ಜತ್ತ ಕಡೆಯ ಕನ್ನಡದಲ್ಲಿ ‘ತಡೀರಿ’ ಅಂದರೆ ಕಾಯಿರಿ. ತಾಳವಾಡಿಯ ಮಾತು ಚಾಮರಾಜನಗರದ್ದೇ. ಅಲ್ಲಿ ‘ವಸಿ ತಡೀರಿ’. ಕಾಸರಗೋಡಿನಲ್ಲಿ ನಾವು ‘ಸ್ವಲ್ಪ ನಿಲ್ಲಿ ಮಾರಾಯ್ರೆ’ ಅನ್ನುತ್ತೇವೆ, ತುಳುವಿನ ‘ಉಂತುಲೆ’ಯ ಹಾಗೆ. ಆದೋನಿ, ರಾಯದುರ್ಗ, ಮಡಕಶಿರಾ ಕಡೆ ಇನ್ನೊಂದು ತಮಾಷೆ. ತೆಲುಗಿನಲ್ಲಿ ‘ಆಗಂಡಿ’ ಅಂದರೆ ನಿಲ್ಲಿ, ಕಾಯಿರಿ. ಕನ್ನಡದ ‘ಆಗು’ ನಡೆಯುವುದಕ್ಕೆ, ತೆಲುಗಿನ ‘ಆಗು’ ನಿಲ್ಲುವುದಕ್ಕೆ. ಕನ್ನಡದಲ್ಲಿ ‘ಆಗಲಿ’ ಅಂದರೆ ಒಪ್ಪಿಗೆ, ತೆಲುಗಿನಲ್ಲಿ ‘ಆಗಾಲಿ’ ಅಂದರೆ ನಿಲ್ಲಬೇಕು. ಎರಡೂ ಭಾಷೆ ಆಡುವ ಮಗು ಇದನ್ನು ದಿನಾ ತೂಗಿಸಿಕೊಂಡು ಹೋಗುತ್ತದೆ.

ಮಾತಿನಲ್ಲಿ ಇದು ತೊಂದರೆಯಲ್ಲ. ಕಾಗದದಲ್ಲಿ ತೊಂದರೆ. ಪರೀಕ್ಷೆಯ ಫಲಿತಾಂಶ ಪ್ರಕಟವಾಗದೆ ಇದ್ದಾಗ ಕನ್ನಡದಲ್ಲಿ ‘ತಡೆಹಿಡಿಯಲಾಗಿದೆ’ ಅಂತ ಬರೆಯುತ್ತಾರೆ. ಮಲಯಾಳದಲ್ಲಿ ‘ತಡಞ್ಞುವೆಚ್ಚು’, ಅದೇ ಧಾತು. ಮರಾಠಿಯಲ್ಲಿ ‘ರಾಖೂನ್ ಠೇವಲಾ’, ಅಂದರೆ ಕಾದಿಟ್ಟಿದ್ದಾರೆ. ತೆಲುಗಿನಲ್ಲಿ ‘ನಿಲಿಪಿವೇಶಾರು’, ತಮಿಳಿನಲ್ಲಿ ‘ನಿರುತ್ತಿ ವೈಕ್ಕಪ್ಪಟ್ಟದು’. ಕೊನೆಯ ಎರಡೂ ‘ನಿಲ್’ ಧಾತುವಿನವು. ಆಯಾ ಭಾಷೆಯಲ್ಲಿ ಅವುಗಳಿಗೆ ತಾತ್ಕಾಲಿಕದ ಅರ್ಥ ಇದೆ. ಆದರೆ ಕನ್ನಡದ ಕಿವಿಗೆ ಅದು ‘ನಿಲ್ಲಿಸಿದ್ದಾರೆ’ ಅಂತ ಕೇಳುತ್ತದೆ. ಪಿಂಚಣಿ ‘ನಿಂತಿದೆ’ ಅಂತ ಕೇಳಿದವರು ಹಣೆಬರಹ ಅಂತ ಮನೆಗೆ ಹೋಗುತ್ತಾರೆ. ‘ತಡೆದಿದ್ದಾರೆ’ ಅಂದರೆ ಯಾರು ತಡೆದರು, ಯಾಕೆ, ಎಲ್ಲಿಯವರೆಗೆ ಅಂತ ಮೂರು ಪ್ರಶ್ನೆ ಕೇಳಬಹುದು. ತಡೆಯುವುದಕ್ಕೆ ಒಬ್ಬ ಕರ್ತೃ ಬೇಕು, ಒಂದು ಅವಧಿ ಬೇಕು. ‘ನಿಂತಿದೆ’ಗೆ ಎರಡೂ ಬೇಡ. ‘ತಡೆಹಿಡಿಯಲಾಗಿದೆ’ ಅನ್ನುವ ಕರ್ಮಣಿ ರೂಪ ಕರ್ತೃವನ್ನು ಅಡಗಿಸುತ್ತದೆ ಅನ್ನುವುದೂ ನಿಜ. ಆದರೂ ಅವಧಿಯ ಅರ್ಥ ಉಳಿಯುತ್ತದೆ.

ಇಲ್ಲಿ ರಾಜಕೀಯ ಚರಿತ್ರೆ ಒಳಗೆ ಬರುತ್ತದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಬಂತು, ನೆರೆಯ ತಾಳವಾಡಿ ಅಲ್ಲೇ ಉಳಿಯಿತು. 1967ರ ಮಹಾಜನ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನೂ ಅಕ್ಕಲಕೋಟೆಯನ್ನೂ ಕರ್ನಾಟಕಕ್ಕೆ ಶಿಫಾರಸು ಮಾಡಿತು, ಅದು ಜಾರಿಯಾಗಲಿಲ್ಲ. ಜನ ಇದ್ದಲ್ಲೇ ಇದ್ದರು, ಕಚೇರಿಯ ಭಾಷೆ ಬದಲಾಯಿತು.

ಕಾನೂನು ಇದನ್ನು ಗಮನಿಸದೆ ಇಲ್ಲ. 1956ರ ಏಳನೇ ತಿದ್ದುಪಡಿಯಿಂದ ಬಂದ ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಮಾತಾಡುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ಸರಕಾರಕ್ಕೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಉತ್ತರ ಕನ್ನಡದಲ್ಲಿ ಬಂದರೆ ಸಾಲದು, ಸರಿಯಾದ ಕ್ರಿಯಾಪದದಲ್ಲಿ ಬರಬೇಕು. ತಮಿಳಿನ ‘ತಡೈ’ಯನ್ನು ‘ತಡೆ’ ಅಂತ ಇಳಿಸಿದರೆ ನಿಷೇಧ ಹೋಗಿ ವಿಳಂಬ ಆಗುತ್ತದೆ. ‘ನಿರುತ್ತಿ’ಯನ್ನು ‘ನಿಲ್ಲಿಸಿ’ ಅಂತ ಇಳಿಸಿದರೆ ವಿಳಂಬ ಹೋಗಿ ರದ್ದು ಆಗುತ್ತದೆ. ಧಾತು ಒಂದೇ ಅಂತ ನಂಬಿ ಅನುವಾದ ಮಾಡಿದರೆ ಎರಡೂ ಕಡೆ ತಪ್ಪು.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

ಪ್ರಶ್ನೆ: ಸರ್, ‘ರೋಗ ತಡೆಗಟ್ಟು’ ಅನ್ನುವಲ್ಲಿ ಅವಧಿ ಎಲ್ಲಿದೆ? ಅದು ಶಾಶ್ವತವಾಗಿ ಬರದ ಹಾಗೆ ಮಾಡುವುದೇ ಅಲ್ವಾ?

ಉತ್ತರ: ಒಳ್ಳೆಯ ಪ್ರಶ್ನೆ, ನನ್ನ ವಾದದ ಮಿತಿ ಅಲ್ಲೇ ಇದೆ. ‘ಕಟ್ಟು’ ಸೇರಿದ ಕೂಡಲೇ ತಡೆ ಗಟ್ಟಿಯಾಗುತ್ತದೆ. ತಮಿಳಿನಲ್ಲಿ ಲಸಿಕೆಗೆ ‘ತಡುಪ್ಪೂಸಿ’ ಅನ್ನುವುದೂ ಇದೇ ಜಾಡಿನದು. ಆದ್ದರಿಂದ ನಾನು ಹೇಳಿದ್ದು ಬಿಡಿ ‘ತಡೆ’ಗೆ ಮತ್ತು ‘ತಡೆಹಿಡಿ’ಗೆ ಮಾತ್ರ ಅಂತ ತಿದ್ದಿಕೊಳ್ಳುತ್ತೇನೆ.

ಪ್ರಶ್ನೆ: ನಮ್ಮ ಕಡೆ ‘ತರುಬು’ ಅಂತಾರ್ರಿ. ‘ದಾರ್ಯಾಗ ತರುಬಿ ಕೇಳಿದ’ ಅಂತ. ಅದು ಬ್ಯಾರೇನ?

ಉತ್ತರ: ಬೇರೆ ಕ್ರಿಯಾಪದ, ಹಳೆಯದು. ಗಮನಿಸಿ, ‘ತರುಬಿ’ದವನು ಎದುರಿಗೇ ನಿಂತಿರುತ್ತಾನೆ. ಮುಖ ಕಾಣುತ್ತದೆ. ಕಚೇರಿಯ ಕಾಗದದಲ್ಲಿ ಇಲ್ಲದೆ ಇರುವುದು ಅದೇ. ಆ ಭಾಗದ ಬಳಕೆಗಳನ್ನು ದಯವಿಟ್ಟು ಬರೆದು ಕಳಿಸಿ, ಈ ಪ್ರಬಂಧಕ್ಕೆ ಸೇರಿಸಬೇಕು.