ಸ್ವಯಂ ಅಳವಡಿಕೆಯ ಗೃಹ ಸೌರವಿದ್ಯುತ್

ಸ್ವಯಂ ಅಳವಡಿಕೆಯ ಗೃಹ ಸೌರವಿದ್ಯುತ್ ಎಂದರೆ ಮನೆಯವರೇ ಸೌರಫಲಕ, ಚಾರ್ಜ್ ನಿಯಂತ್ರಕ, ಬ್ಯಾಟರಿ ಮತ್ತು ಇನ್ವರ್ಟರ್‌ಗಳನ್ನು ಜೋಡಿಸಿಕೊಂಡು ಗೃಹಬಳಕೆಗೆ ವಿದ್ಯುತ್ ಪಡೆಯುವ ವ್ಯವಸ್ಥೆ. ಈ ಲೇಖನವು ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಮುದಗಲ್ ಹಾಗೂ ಸುತ್ತಲಿನ ಪ್ರದೇಶವನ್ನು ಉದಾಹರಣೆಯಾಗಿ ಇಟ್ಟುಕೊಂಡಿದೆ.

ಹಿನ್ನೆಲೆ

ಕರ್ನಾಟಕದ ಗ್ರಾಮೀಣ ಮನೆಗಳಿಗೆ ಸೌರದೀಪಗಳನ್ನು ತಲುಪಿಸುವಲ್ಲಿ 1995ರಲ್ಲಿ ಸ್ಥಾಪನೆಯಾದ ಸೆಲ್ಕೋ ಸಂಸ್ಥೆಯ ಪಾತ್ರ ಮುಖ್ಯವಾದುದು. ಇದರ ಸಹ-ಸಂಸ್ಥಾಪಕ ಹರೀಶ್ ಹಂದೆ ಅವರಿಗೆ 2011ರಲ್ಲಿ ರೇಮನ್ ಮ್ಯಾಗ್ಸೇಸೆ ಪ್ರಶಸ್ತಿ ದೊರೆಯಿತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು 2003ರಲ್ಲಿ ಗೃಹ ಸೌರವ್ಯವಸ್ಥೆಗೆ ಸಾಲ ನೀಡುವ ಯೋಜನೆಯನ್ನು ಆರಂಭಿಸಿದವು.

ವಿಧಗಳು

ಜಾಲಮುಕ್ತ ವ್ಯವಸ್ಥೆಯಲ್ಲಿ ವಿದ್ಯುತ್ ಬ್ಯಾಟರಿಯಲ್ಲಿ ಸಂಗ್ರಹವಾಗುತ್ತದೆ. ಸಣ್ಣ ಪ್ರಮಾಣದಲ್ಲಿ ಸ್ವತಃ ಅಳವಡಿಸಿಕೊಳ್ಳಲು ಇದು ತಕ್ಕುದು.

ಜಾಲಸಂಪರ್ಕಿತ ವ್ಯವಸ್ಥೆಯು ಮನೆಯಲ್ಲಿ ಬಳಸಿ ಉಳಿದ ವಿದ್ಯುತ್ತನ್ನು ಸರಬರಾಜು ಜಾಲಕ್ಕೆ ಕಳುಹಿಸುತ್ತದೆ. ರಾಯಚೂರು ಜಿಲ್ಲೆಯಲ್ಲಿ ಇದಕ್ಕೆ ಜೆಸ್ಕಾಂ ಅನುಮತಿ ಮತ್ತು ದ್ವಿಮುಖ ಮೀಟರ್ ಅಗತ್ಯ. ಬ್ಯಾಟರಿಯಿಲ್ಲದ ಜಾಲಸಂಪರ್ಕಿತ ವ್ಯವಸ್ಥೆಯು ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ಕಂಬದಲ್ಲಿ ದುರಸ್ತಿ ಮಾಡುವವರಿಗೆ ಆಘಾತವಾಗದಿರಲೆಂದು ಈ ಏರ್ಪಾಡು. ಆದ್ದರಿಂದ ವಿದ್ಯುತ್ ಕಡಿತಕ್ಕೆ ಪರಿಹಾರ ಬಯಸುವವರಿಗೆ ಬ್ಯಾಟರಿ ಅನಿವಾರ್ಯ.

ಅಗತ್ಯದ ಲೆಕ್ಕ

ಸಾಧನಗಳನ್ನು ಕೊಳ್ಳುವ ಮೊದಲು ದಿನದ ಬಳಕೆಯನ್ನು ಲೆಕ್ಕ ಹಾಕಬೇಕು. ಉದಾಹರಣೆಗೆ:

• 9 ವ್ಯಾಟ್‌ನ 4 ಎಲ್‌ಇಡಿ ದೀಪ, 5 ಗಂಟೆ: 180 ವ್ಯಾಟ್-ಗಂಟೆ
• 30 ವ್ಯಾಟ್‌ನ 2 ಫ್ಯಾನು, 10 ಗಂಟೆ: 600 ವ್ಯಾಟ್-ಗಂಟೆ
• 50 ವ್ಯಾಟ್‌ನ ಟಿ.ವಿ., 3 ಗಂಟೆ: 150 ವ್ಯಾಟ್-ಗಂಟೆ

ಒಟ್ಟು 930 ವ್ಯಾಟ್-ಗಂಟೆ. ಶೇ. 30ರಷ್ಟು ನಷ್ಟವನ್ನು ಗಣಿಸಿದರೆ ಫಲಕವು ದಿನಕ್ಕೆ ಸುಮಾರು 1,330 ವ್ಯಾಟ್-ಗಂಟೆ ಉತ್ಪಾದಿಸಬೇಕು. ಮೋಡದ ದಿನಗಳನ್ನು ಗಮನಿಸಿ ಪೂರ್ಣ ಬಿಸಿಲನ್ನು 4 ಗಂಟೆಯೆಂದು ಹಿಡಿದರೆ 335 ವ್ಯಾಟ್ ಫಲಕ ಬೇಕಾಗುತ್ತದೆ. ಇಡೀ ಬಳಕೆ ರಾತ್ರಿಯದೇ ಆಗಿದ್ದರೆ, ಸೀಸ-ಆಮ್ಲ ಬ್ಯಾಟರಿಯ ಅರ್ಧದಷ್ಟನ್ನು ಮಾತ್ರ ಬಳಸಬೇಕಾದ್ದರಿಂದ 12 ವೋಲ್ಟ್, 200 ಆಂಪಿಯರ್-ಗಂಟೆಯದು ಅಗತ್ಯ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೆ ಸುಮಾರು 120 ಆಂಪಿಯರ್-ಗಂಟೆ ಸಾಕು. ನೀರಿನ ಮೋಟಾರು, ಇಸ್ತ್ರಿಪೆಟ್ಟಿಗೆಗಳನ್ನು ಈ ಪ್ರಮಾಣದ ವ್ಯವಸ್ಥೆಗೆ ಜೋಡಿಸಬಾರದು.

ಅಳವಡಿಕೆ

ಮುದಗಲ್ ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಫಲಕವನ್ನು ದಕ್ಷಿಣಕ್ಕೆ ಮುಖಮಾಡಿ ಅಷ್ಟೇ ಓರೆಯಲ್ಲಿ ನಿಲ್ಲಿಸಲಾಗುತ್ತದೆ. 2 ಮೀಟರ್ ಉದ್ದದ ಫಲಕಕ್ಕೆ ಮೇಲಂಚು ಕೆಳಅಂಚಿಗಿಂತ ಸುಮಾರು 55 ಸೆಂಟಿಮೀಟರ್ ಎತ್ತರದಲ್ಲಿರಬೇಕು. ಮಣ್ಣಿನ ಮಾಳಿಗೆಯಿರುವ ಹಳೆಯ ಮನೆಗಳಲ್ಲಿ ಮಾಳಿಗೆಯನ್ನು ಕೊರೆದರೆ ಮಳೆನೀರು ಸೋರುವ ಸಂಭವವಿರುವುದರಿಂದ ಚೌಕಟ್ಟನ್ನು ಗಟ್ಟಿ ಗೋಡೆಗೆ ಬಿಗಿಯುವುದು ಸೂಕ್ತ.

ಜೋಡಣೆಯಲ್ಲಿ ನಿಯಂತ್ರಕಕ್ಕೆ ಮೊದಲು ಬ್ಯಾಟರಿಯನ್ನು, ಅನಂತರ ಫಲಕವನ್ನು ಸೇರಿಸಬೇಕು. ಬಿಚ್ಚುವಾಗ ಮೊದಲು ಫಲಕವನ್ನು ಬೇರ್ಪಡಿಸಬೇಕು. ಬ್ಯಾಟರಿಯ ಸಮೀಪದಲ್ಲೇ ಫ್ಯೂಸ್ ಇರಬೇಕು. ಚೌಕಟ್ಟಿಗೆ ಅರ್ಥಿಂಗ್ ಅವಶ್ಯ. ಸೀಸ-ಆಮ್ಲ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುವುದರಿಂದ ಅದನ್ನು ಗಾಳಿಯಾಡುವ ಸ್ಥಳದಲ್ಲಿಡಬೇಕು. ಮನೆಯ ಮುಖ್ಯ ವೈರಿಂಗ್‌ಗೆ ಜೋಡಿಸುವ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಗೇ ವಹಿಸಬೇಕು.

ಸಹಾಯಧನ ಮತ್ತು ಉಳಿತಾಯ

ಕೇಂದ್ರ ಸರ್ಕಾರವು 2024ರ ಫೆಬ್ರುವರಿಯಲ್ಲಿ ಆರಂಭಿಸಿದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂ., ಮೂರನೆಯ ಕಿಲೋವ್ಯಾಟ್‌ಗೆ 18,000 ರೂ., ಗರಿಷ್ಠ 78,000 ರೂ. ಸಹಾಯಧನವಿದೆ. ಇದು ನೋಂದಾಯಿತ ಮಾರಾಟಗಾರರು ಅಳವಡಿಸಿದ ಜಾಲಸಂಪರ್ಕಿತ ವ್ಯವಸ್ಥೆಗೆ ಮಾತ್ರ ದೊರೆಯುತ್ತದೆ. ಸ್ವತಃ ಜೋಡಿಸಿಕೊಂಡದ್ದಕ್ಕೆ ಅನ್ವಯಿಸುವುದಿಲ್ಲ. ರಾಜ್ಯದ ಗೃಹಜ್ಯೋತಿ ಯೋಜನೆಯಡಿ (2023) ಈಗಾಗಲೇ ಶೂನ್ಯ ಬಿಲ್ಲು ಪಡೆಯುತ್ತಿರುವ ಮನೆಗಳಿಗೆ ಸೌರವಿದ್ಯುತ್ತಿನಿಂದಾಗುವ ಹಣದ ಉಳಿತಾಯ ಅತ್ಯಲ್ಪ. ಅಂತಹ ಮನೆಗಳಿಗೆ ಕಡಿತದ ವೇಳೆಯ ಬೆಳಕು ಮತ್ತು ಗಾಳಿಯೇ ಇದರ ಮುಖ್ಯ ಪ್ರಯೋಜನ.

ನಿರ್ವಹಣೆ

ಫಲಕದ ಘೋಷಿತ ಸಾಮರ್ಥ್ಯವು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದದ್ದು. ಅದಕ್ಕಿಂತ ಹೆಚ್ಚುವ ಪ್ರತಿ ಡಿಗ್ರಿಗೆ ಉತ್ಪಾದನೆ ಸುಮಾರು ಶೇ. 0.3ರಿಂದ 0.4ರಷ್ಟು ಇಳಿಯುತ್ತದೆ. ಬೇಸಿಗೆಯಲ್ಲಿ ಫಲಕ 65 ಡಿಗ್ರಿಗೆ ಕಾದರೆ ಶೇ. 12ರಿಂದ 16ರಷ್ಟು ನಷ್ಟವಾಗುತ್ತದೆ. ಆದ್ದರಿಂದ ಫಲಕದ ಕೆಳಗೆ ಗಾಳಿಯಾಡಲು ಜಾಗ ಬಿಡಬೇಕು. ಧೂಳನ್ನು ಬೆಳಗಿನ ತಂಪಿನಲ್ಲಿ ಮೆದು ಬಟ್ಟೆಯಿಂದ ತೊಳೆಯಬೇಕು. ಕೊಳವೆಬಾವಿಯ ಗಡುಸು ನೀರು ಗಾಜಿನ ಮೇಲೆ ಬಿಳಿ ಕಲೆ ಉಳಿಸುವುದರಿಂದ ನೀರನ್ನು ಕೂಡಲೇ ಒರೆಸಬೇಕು.