ಮಜಲು, ಏರು, ಉಳಿದ ಬೆಳಕು: ಇಟಲಿಯ ದಾರಿಗಳ ಹಳೆಯ ಲೆಕ್ಕ

ಫ್ಲಾರೆನ್ಸ್‌ನಿಂದ ಸಿಯೆನಾಕ್ಕೆ ಹೋಗಲು ಎರಡು ದಾರಿಗಳಿವೆ. ಎರಡೂ ಹೆಚ್ಚುಕಡಿಮೆ 70 ಕಿಲೋಮೀಟರ್. ವೇಗದ ರಸ್ತೆಯಲ್ಲಿ ಒಂದು ಗಂಟೆಯ ಮೇಲೆ ತುಸು ಹೊತ್ತು ಸಾಕು. ದ್ರಾಕ್ಷಿತೋಟಗಳ ಗುಡ್ಡಗಳನ್ನು ಹತ್ತಿ ಇಳಿಯುತ್ತ ಗ್ರೇವೆ, ಕಾಸ್ತೆಲ್ಲಿನಾ ಊರುಗಳನ್ನು ಹಾಯುವ ಕಿಯಾಂತಿಜಾನಾ ರಸ್ತೆಯಾದರೆ, ಎಲ್ಲೂ ನಿಲ್ಲದಿದ್ದರೂ ಒಂದೂವರೆ ಗಂಟೆಗಿಂತ ಹೆಚ್ಚೇ ಹಿಡಿಯುತ್ತದೆ. ಇಟಲಿಯ ಹಳ್ಳಿನಾಡಿಗೆ ಕಾರಿನಲ್ಲಿ ಹೊರಡುವವರು ದೂರವನ್ನು ವೇಗದಿಂದ ಭಾಗಿಸಿ ದಿನಕ್ಕೆ ಐದಾರು ಊರುಗಳನ್ನು ಪಟ್ಟಿಗೆ ಸೇರಿಸುತ್ತಾರೆ. ಮೂರನೆಯ ಊರಿಗೇ ಹೊತ್ತು ಮುಳುಗುತ್ತದೆ. ಈ ಭಾಗಾಕಾರ ಆ ನೆಲಕ್ಕೆ ತೀರ ಹೊಸದು, ಮೋಟಾರು ಹೆದ್ದಾರಿಯ ಜೊತೆಗೆ ಬಂದದ್ದು. ಅದಕ್ಕೂ ಮೊದಲಿನ ಎರಡು ಸಾವಿರ ವರ್ಷ ಅಲ್ಲಿನ ಪ್ರಯಾಣಿಕರು ಹೊತ್ತನ್ನು ಅಳೆದದ್ದು ಮಜಲು, ಏರು, ಉಳಿದ ಬೆಳಕು ಈ ಮೂರರಿಂದ. ಹಳ್ಳಿದಾರಿಗಳ ಮಟ್ಟಿಗೆ ಇಂದಿಗೂ ಆ ಲೆಕ್ಕವೇ ಸರಿ ಎಂಬುದು ನನ್ನ ವಾದ.

ಮೈಲಿಗಲ್ಲುಗಳನ್ನು ನೆಟ್ಟವರೇ ರೋಮನ್ನರಲ್ಲವೇ, ದೂರದ ಲೆಕ್ಕ ಅವರಿಂದಲೇ ಶುರುವಾಗಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಕ್ರಿ.ಪೂ. 312ರಲ್ಲಿ ಕಟ್ಟಲಾರಂಭಿಸಿದ ಆಪಿಯನ್ ದಾರಿಯ ಉದ್ದಕ್ಕೂ ಮೈಲಿಗಲ್ಲುಗಳಿದ್ದವು, ನಿಜ. ರೋಮನ್ ಮೈಲಿಯೆಂದರೆ ಸುಮಾರು ಒಂದೂವರೆ ಕಿಲೋಮೀಟರ್. ಆದರೆ ಪ್ರಯಾಣಿಕ ಕೈಯಲ್ಲಿ ಹಿಡಿದು ಹೊರಡುತ್ತಿದ್ದದ್ದು ತಂಗುದಾಣಗಳ ಪಟ್ಟಿಯನ್ನು. ಕ್ರಿ.ಶ. 333ರಲ್ಲಿ ಬೋರ್ಡೋದಿಂದ ಜೆರುಸಲೇಮಿಗೆ ಹೋದ ಯಾತ್ರಿಕನ ದಾರಿಪಟ್ಟಿಯಲ್ಲಿ, ಕುದುರೆ ಬದಲಿಸುವ ಜಾಗ ಯಾವುದು, ರಾತ್ರಿ ತಂಗುವ ಜಾಗ ಯಾವುದು ಎಂದು ಬೇರೆ ಬೇರೆಯಾಗಿ ಗುರುತಿಸಲಾಗಿದೆ. ಮೈಲಿಗಳ ಎಣಿಕೆ ಇದ್ದದ್ದು ಒಂದು ನಿಲ್ದಾಣದಿಂದ ಮುಂದಿನದಕ್ಕೆ. ಇನ್ನು ಮೈಲಿ ಹೊತ್ತನ್ನು ಹೇಳುವುದಿಲ್ಲ ಎಂಬುದಕ್ಕೆ ಕವಿ ಹೊರೇಸನೇ ಸಾಕ್ಷಿ. ರೋಮ್‌ನಿಂದ ಬ್ರಿಂಡಿಸಿಗೆ ಹೋದ ತನ್ನ ಪ್ರಯಾಣವನ್ನು ವಿಡಂಬನ ಕವಿತೆಯಾಗಿಸಿದ ಅವನು, ಚುರುಕಿನವರು ಒಂದೇ ದಿನದಲ್ಲಿ ಮುಗಿಸುವ ಮೊದಲ ಭಾಗಕ್ಕೆ ತಾವು ಎರಡು ದಿನ ತೆಗೆದುಕೊಂಡೆವೆಂದು ಬರೆದಿದ್ದಾನೆ. ನಿಧಾನವಾಗಿ ಹೋಗುವವರಿಗೆ ಆ ದಾರಿಯ ಆಯಾಸ ಕಡಿಮೆ ಎಂಬ ಮಾತನ್ನೂ ಸೇರಿಸುತ್ತಾನೆ. ಕಲ್ಲುಗಳು ಅವೇ, ದಿನಗಳು ಮಾತ್ರ ಬೇರೆ.

ಸಾಮ್ರಾಜ್ಯ ಕುಸಿದ ಮೇಲೆ ನೇರ ದಾರಿಗಳನ್ನು ನೋಡಿಕೊಳ್ಳುವವರಿಲ್ಲದಾಯಿತು. ಕಿಯಾನಾದಂಥ ಕಣಿವೆಗಳು ಜೌಗಾದವು. ಜನ ಗುಡ್ಡದ ಏಣುಗಳನ್ನು ಹಿಡಿದು ನಡೆದರು. 990ರಲ್ಲಿ ರೋಮ್‌ನಿಂದ ಮರಳಿದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸಿಗೆರಿಕ್‌ನ ದಾರಿಪಟ್ಟಿ ಉಳಿದುಬಂದಿದೆ. ವಿತೆರ್ಬೊ, ಬೊಲ್ಸೇನಾ, ಸಿಯೆನಾ, ಲುಕ್ಕಾ ಎಂದು ಮುಂದುವರಿಯುವ 79 ತಾಣಗಳ ಹೆಸರಷ್ಟೇ ಅದರಲ್ಲಿದೆ, ದೂರದ ಉಲ್ಲೇಖವೇ ಇಲ್ಲ. ಮುಂದೆ ಅಂಚೆ ಕುದುರೆಗಳ ಕಾಲ ಬಂದಾಗಲೂ ಎಣಿಕೆ ಕುದುರೆ ಬದಲಿಸುವ ಠಾಣೆಗಳದ್ದೇ. 1563ರಲ್ಲಿ ಜೊವಾನ್ನಿ ದಾ ಲೆರ್ಬಾ ಅಂಚೆದಾರಿಗಳ ಕೈಪಿಡಿಯನ್ನು ಪ್ರಕಟಿಸಿದ. ಇಂಥ ಊರಿಗೆ ಇಷ್ಟು ಠಾಣೆ ಎಂಬುದೇ ಅಲ್ಲಿನ ಅಳತೆ. ಸಿಯೆನಾ ಮತ್ತು ರೋಮ್ ನಡುವಿನ ರಾದಿಕೊಫಾನಿ ಬೆಟ್ಟವನ್ನು ಶಪಿಸದ ಪ್ರವಾಸಿಗರು ಕಡಿಮೆ. ಇಂಥ ಏರುಗಳಲ್ಲಿ ಹೆಚ್ಚುವರಿ ಕುದುರೆ ಕಟ್ಟಬೇಕಿತ್ತು, ಅದರ ಬಾಡಿಗೆಯನ್ನೂ ತೆರಬೇಕಿತ್ತು. ಹತ್ತೊಂಬತ್ತನೆಯ ಶತಮಾನದ ಮಾರ್ಗದರ್ಶಿ ಪುಸ್ತಕಗಳು ಇಂಥ ಜಾಗಗಳನ್ನು ಮೊದಲೇ ತಿಳಿಸುತ್ತಿದ್ದವು. ಬೆಟ್ಟದ ಬೆಲೆ ಹೊರಡುವ ಮುನ್ನವೇ ಲೆಕ್ಕಕ್ಕೆ ಬಂದಿರುತ್ತಿತ್ತು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸೆಳೆಯುವುದು ಅವರ ಗಡಿಯಾರ. ಹದಿನೆಂಟನೆಯ ಶತಮಾನದವರೆಗೂ ಇಟಲಿಯ ಬಹುಭಾಗದಲ್ಲಿ ದಿನ ಮುಗಿಯುತ್ತಿದ್ದದ್ದು ಮಧ್ಯರಾತ್ರಿಗಲ್ಲ, ಮುಸ್ಸಂಜೆಯ ಪ್ರಾರ್ಥನೆಯ ಗಂಟೆಗೆ. ಅದೇ ಇಪ್ಪತ್ತನಾಲ್ಕನೆಯ ಗಂಟೆ. ಅಲ್ಲಿಂದ ಮತ್ತೆ ಒಂದು, ಎರಡು. ಫ್ಲಾರೆನ್ಸ್‌ನ ಮಹಾ ಚರ್ಚಿನೊಳಗೆ 1443ರಲ್ಲಿ ಪಾವೊಲೊ ಉಚೆಲ್ಲೊ ಬಣ್ಣ ಬರೆದ ಗಡಿಯಾರ ಇಂದಿಗೂ ಈ ಎಣಿಕೆಯನ್ನೇ ತೋರಿಸುತ್ತದೆ. 1786ರಲ್ಲಿ ವೆರೋನಾ ತಲುಪಿದ ಜರ್ಮನ್ ಕವಿ ಗಯಟೆ ಇದಕ್ಕೆ ಹೊಂದಿಕೊಳ್ಳಲು ಒಂದು ವೃತ್ತದ ಚಿತ್ರವನ್ನೇ ಬರೆದುಕೊಂಡ. ಬೆಳಕಿನಲ್ಲಿ, ಬಯಲಿನಲ್ಲಿ ಬದುಕುವ ಜನಕ್ಕೆ ಇದು ಒಗ್ಗುತ್ತದೆಂದೂ ಕಂಡುಕೊಂಡ. ಪರದೇಶಿಯರಿಗೆ ಗೊಂದಲವೆನಿಸಿದ ಈ ಪದ್ಧತಿ ದಾರಿಹೋಕನಿಗೆ ಬೇಕಾದ ಒಂದೇ ಪ್ರಶ್ನೆಗೆ ನೇರ ಉತ್ತರ ಕೊಡುತ್ತಿತ್ತು. ಗಂಟೆ ಇಪ್ಪತ್ತು ಹೊಡೆದರೆ ಕತ್ತಲಿಗೆ ಇನ್ನು ನಾಲ್ಕು ಗಂಟೆ, ಚಳಿಗಾಲವಿರಲಿ ಬೇಸಿಗೆಯಿರಲಿ. ಮುಂದಿನ ಊರಿನ ಕೋಟೆಬಾಗಿಲು ಮುಚ್ಚುವ ಮುನ್ನ ಸೇರಬಹುದೇ, ಇಲ್ಲೇ ಉಳಿಯಬೇಕೇ ಎಂಬ ತೀರ್ಮಾನಕ್ಕೆ ಅಷ್ಟು ಸಾಕು. ನೆಪೋಲಿಯನ್ನನ ಕಾಲದ ಆಡಳಿತದೊಂದಿಗೆ ಈ ಎಣಿಕೆ ಹಿಂದೆ ಸರಿಯಿತು.

ಮೋಟಾರು ಇದನ್ನೆಲ್ಲ ಅಳಿಸಿಹಾಕಿತು ಎನ್ನುವುದು ಬಲವಾದ ಆಕ್ಷೇಪವೇ. ವಾಹನಗಳಿಗೆ ಮಾತ್ರ ಮೀಸಲಾದ ಹೆದ್ದಾರಿ 1924ರಲ್ಲಿ ಮಿಲಾನ್ ಮತ್ತು ವಾರೇಸೆ ನಡುವೆ ತೆರೆದುಕೊಂಡಿತು. 1964ರಲ್ಲಿ ಪೂರ್ತಿಯಾದ ಸೂರ್ಯ ಹೆದ್ದಾರಿ ಮಿಲಾನ್‌ನಿಂದ ನೇಪಲ್ಸ್‌ವರೆಗೆ ಸುರಂಗ, ಸೇತುವೆಗಳಿಂದ ಬೆಟ್ಟವನ್ನೇ ಗಣನೆಯಿಂದ ತೆಗೆಯಿತು. ಅದರ ಮೇಲೆ ಭಾಗಾಕಾರ ನಡೆಯುತ್ತದೆ, ಒಪ್ಪಬೇಕು. ಆದರೆ ಹೆದ್ದಾರಿಯಿಂದ ಹೊರಬಿದ್ದು ಗುಡ್ಡದ ಊರಿನತ್ತ ತಿರುಗಿದ ಕೂಡಲೇ ಅದು ಕೈಕೊಡುತ್ತದೆ. ಕಾರಿನ ವೇಗದಿಂದ ಈ ಕೊರತೆ ತುಂಬದು. 1955ರ ಮಿಲೆ ಮಿಲ್ಯಾ ಕಾರು ಪಂದ್ಯದಲ್ಲಿ ಸ್ಟರ್ಲಿಂಗ್ ಮಾಸ್ ಸುಮಾರು 1,600 ಕಿಲೋಮೀಟರ್ ಸಾರ್ವಜನಿಕ ರಸ್ತೆಯನ್ನು 10 ಗಂಟೆ 7 ನಿಮಿಷಗಳಲ್ಲಿ ಮುಗಿಸಿದಾಗ, ಪಕ್ಕದಲ್ಲಿ ಕೂತ ಡೆನಿಸ್ ಜೆಂಕಿನ್ಸನ್ ಕೈಯಲ್ಲಿದ್ದದ್ದು ಮೊದಲೇ ಓಡಾಡಿ ಬರೆದಿಟ್ಟ ತಿರುವು, ದಿಣ್ಣೆಗಳ ಉದ್ದನೆಯ ಸುರುಳಿ. ಅಷ್ಟು ವೇಗದವರೂ ನಂಬಿದ್ದು ನೆಲದ ಏರುಪೇರನ್ನೇ.

ಈಗಿನ ಮೊಬೈಲ್ ನಕ್ಷೆ ತಿರುವುಗಳನ್ನೂ ಲೆಕ್ಕಕ್ಕೆ ಹಿಡಿಯುತ್ತದಲ್ಲ ಎನ್ನಬಹುದು. ಹಿಡಿಯುತ್ತದೆ, ಆದರೆ ಅದು ಹೇಳುವುದು ಚಕ್ರ ಉರುಳುವ ಹೊತ್ತನ್ನು ಮಾತ್ರ. ಹಳೆಯ ಪೇಟೆಯೊಳಗೆ ಹೊರಗಿನ ಕಾರುಗಳಿಗೆ ಪ್ರವೇಶವಿಲ್ಲದ್ದರಿಂದ ಕೋಟೆಯ ಹೊರಗೆ ನಿಲ್ಲಿಸಿ ಹತ್ತಿ ಹೋಗುವುದು, ಮಧ್ಯಾಹ್ನ ಅಂಗಡಿ, ಚರ್ಚುಗಳು ಬಾಗಿಲು ಹಾಕುವುದು, ಇವೆಲ್ಲ ಅದರ ಆಚೆಗಿವೆ. ಬೆಳಕೂ ಅಷ್ಟೇ. ತಸ್ಕನಿಯಲ್ಲಿ ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಸುಮಾರಿಗೆ, ಡಿಸೆಂಬರಿನಲ್ಲಿ ಐದಕ್ಕೂ ಮೊದಲೇ. ಮೊಂತೆಪುಲ್ಚಾನೊ, ಪಿಯೆಂಜಾ, ಮೊಂತಾಲ್ಚಿನೊ ಮೂರನ್ನೂ ಒಂದೇ ದಿನಕ್ಕೆ ಸೇರಿಸುವುದು ಬೇಸಿಗೆಗೆ ಸಲ್ಲುತ್ತದೆ. ಚಳಿಗಾಲಕ್ಕೆ ಎರಡೇ ಊರು ಇಟ್ಟುಕೊಂಡು, ಎರಡನೆಯದರಲ್ಲಿ ರಾತ್ರಿಗೆ ಕೋಣೆ ಹಿಡಿಯುವುದು ಒಳ್ಳೆಯದು.